ಕೂಗಿದ ಮೇಲಿನ ಹತ್ತು ನಿಮಿಷ



ಇಂದಿನ ಮಾತನ್ನು ಒಂದು ಪ್ರಶ್ನೆಯಿಂದಲೇ ಆರಂಭಿಸೋಣ. ಸಂಜೆ ಕಾಲೇಜು ಮುಗಿಸಿ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ. ಹತ್ತು ಹೆಜ್ಜೆ ಆಚೆ ಇಬ್ಬರು ಸೇರಿ ಒಬ್ಬನನ್ನು ಹಿಡಿದು ಹೊಡೆಯುತ್ತಿದ್ದಾರೆ. ಹೊಡೆಯುವವರೂ ನಿಮಗೆ ಗೊತ್ತಿಲ್ಲ, ಹೊಡೆತ ತಿನ್ನುತ್ತಿರುವವನೂ ಗೊತ್ತಿಲ್ಲ. ಜಗಳಕ್ಕೆ ಕಾರಣವೇನೆಂದೂ ತಿಳಿಯದು. ಸುತ್ತ ಇಪ್ಪತ್ತು ಜನ ನಿಂತು ನೋಡುತ್ತಿದ್ದಾರೆ. ಆಗ ನೀವೇನು ಮಾಡುತ್ತೀರಿ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ‘ಊರ ಉಸಾಬರಿ ನಮಗ್ಯಾಕೆ’ ಎಂಬುದು ಒಂದು. ‘ನಾನಾಗಿದ್ದರೆ ನುಗ್ಗಿ ಇಬ್ಬರಿಗೂ ಎರಡು ಬಿಡುತ್ತಿದ್ದೆ’ ಎಂಬುದು ಇನ್ನೊಂದು. ಮೊದಲನೆಯದು ಹಿರಿಯರಿಂದ ಕಲಿತ ಮಾತು, ಎರಡನೆಯದು ಸಿನಿಮಾದಿಂದ ಕಲಿತ ಮಾತು. ಎರಡರಲ್ಲೂ ಯೋಚನೆ ಕಡಿಮೆ. ಇವೆರಡರ ನಡುವೆ ಮನುಷ್ಯ ಮಾಡಬಹುದಾದ ಕೆಲಸಗಳು ಹಲವಾರಿವೆ. ಅವು ಯಾವುವು, ಯಾವಾಗ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದೇ ಇಂದಿನ ವಿಷಯ.

ಈ ವಿಷಯವನ್ನು ವಿಜ್ಞಾನಿಗಳು ಪ್ರಯೋಗಗಳ ಮೂಲಕ ಅಧ್ಯಯನ ಮಾಡಿದ್ದಾರೆ. ಅದಕ್ಕೆ ಪ್ರೇರಣೆಯಾದದ್ದು ಅಮೆರಿಕದಲ್ಲಿ ನಡೆದ ಒಂದು ಕೊಲೆ. 1964ರ ಮಾರ್ಚ್ 13ರ ನಸುಕಿನಲ್ಲಿ, ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಕ್ಯೂ ಗಾರ್ಡನ್ಸ್ ಎಂಬಲ್ಲಿ, ಕಿಟ್ಟಿ ಜೆನೊವೀಸ್ ಎಂಬ 28 ವರ್ಷದ ಯುವತಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಳು. ಅಪರಿಚಿತನೊಬ್ಬ ಬೆನ್ನಟ್ಟಿ ಬಂದು ಚೂರಿಯಿಂದ ಇರಿದ. ಆಕೆ ಕಿರುಚಿದಳು. ಕೊನೆಗೆ ಆಕೆ ಬದುಕುಳಿಯಲಿಲ್ಲ. ಎರಡು ವಾರಗಳ ಬಳಿಕ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಮುಖಪುಟದಲ್ಲಿ ಒಂದು ವರದಿ ಪ್ರಕಟಿಸಿತು. 38 ಮಂದಿ ಸಭ್ಯ ನಾಗರಿಕರು ಅರ್ಧ ಗಂಟೆಗೂ ಹೆಚ್ಚು ಕಾಲ ತಮ್ಮ ಕಿಟಕಿಗಳಿಂದ ಈ ಹಲ್ಲೆಯನ್ನು ನೋಡಿದರು, ಆ ಹೊತ್ತಿನಲ್ಲಿ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂಬುದು ಆ ವರದಿಯ ತಿರುಳು. ಜಗತ್ತೆಲ್ಲ ಬೆಚ್ಚಿಬಿದ್ದಿತು. ದೊಡ್ಡ ನಗರಗಳಲ್ಲಿ ಮನುಷ್ಯನ ಹೃದಯ ಕಲ್ಲಾಗಿದೆ ಎಂದು ಉಪದೇಶಕರು ಹೇಳಿದರು.

ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನೋವಿಜ್ಞಾನಿಗಳಿಗೆ ಈ ವಿವರಣೆ ಸಾಲದೆನ್ನಿಸಿತು. 38 ಮಂದಿಯೂ ಕಲ್ಲುಹೃದಯದವರೇ ಇರಲು ಸಾಧ್ಯವೇ? ಅಷ್ಟು ಜನ ಇದ್ದರೂ ಯಾರೂ ಬರಲಿಲ್ಲ ಎನ್ನುವುದರ ಬದಲು, ಅಷ್ಟು ಜನ ಇದ್ದುದರಿಂದಲೇ ಯಾರೂ ಬರಲಿಲ್ಲವೋ ಏನೋ ಎಂದು ಅವರು ಯೋಚಿಸಿದರು. ಇದನ್ನು ಪರೀಕ್ಷಿಸಲು ಪ್ರಯೋಗಗಳನ್ನು ಹೂಡಿದರು. 1968ರಲ್ಲಿ ಅವುಗಳ ಫಲಿತಾಂಶ ಪ್ರಕಟವಾಯಿತು.

ಮೊದಲ ಪ್ರಯೋಗ ಹೀಗಿತ್ತು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಕಾಲೇಜು ಜೀವನದ ಕಷ್ಟಗಳ ಬಗ್ಗೆ ಮೈಕ್ ಮೂಲಕ ಮಾತನಾಡಿಕೊಳ್ಳಿ ಎಂದು ಹೇಳಲಾಯಿತು. ಮಾತಿನ ನಡುವೆ ಒಬ್ಬನಿಗೆ ಮೂರ್ಛೆರೋಗ ಬಂದಂತೆ ದನಿ ತೊದಲುತ್ತದೆ, ಸಹಾಯ ಬೇಡುತ್ತದೆ. ಅದು ಮೊದಲೇ ಮುದ್ರಿಸಿಟ್ಟ ದನಿಯೆಂದು ಕೇಳುವವರಿಗೆ ಗೊತ್ತಿಲ್ಲ. ತನ್ನನ್ನು ಬಿಟ್ಟು ಇದನ್ನು ಕೇಳುವವರು ಯಾರೂ ಇಲ್ಲ ಎಂದುಕೊಂಡವರಲ್ಲಿ 100ಕ್ಕೆ 85 ಮಂದಿ, ಆ ದನಿ ನಿಲ್ಲುವ ಮೊದಲೇ ಎದ್ದುಹೋಗಿ ತಿಳಿಸಿದರು. ಇನ್ನೊಬ್ಬ ಕೇಳುತ್ತಿದ್ದಾನೆ ಎಂದುಕೊಂಡವರಲ್ಲಿ ಇದು 62ಕ್ಕೆ ಇಳಿಯಿತು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ 31ಕ್ಕೆ ಬಂತು. ಎದ್ದು ಹೋಗದೆ ಕುಳಿತಿದ್ದವರು ನಿಶ್ಚಿಂತರಾಗಿದ್ದರೇ? ಇಲ್ಲ. ಪ್ರಯೋಗ ಮುಗಿದಾಗ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು. ‘ಅವನಿಗೆ ಈಗ ಹೇಗಿದೆ?’ ಎಂದು ಅವರೇ ಕೇಳಿದರು.

ನಮ್ಮ ಕಡೆ ಒಂದು ಕಥೆ ಹೇಳುತ್ತಾರೆ. ರಾಜನೊಬ್ಬ, ಊರಿನವರೆಲ್ಲ ರಾತ್ರಿ ಒಂದೊಂದು ತಂಬಿಗೆ ಹಾಲನ್ನು ತಂದು ಕೊಳಕ್ಕೆ ಸುರಿಯಬೇಕೆಂದು ಆಜ್ಞೆ ಮಾಡಿದನಂತೆ. ಉಳಿದವರೆಲ್ಲ ಹಾಲು ಹಾಕುತ್ತಾರೆ, ನಾನೊಬ್ಬ ನೀರು ಹಾಕಿದರೆ ಗೊತ್ತಾಗುವುದೇ ಎಂದು ಪ್ರತಿಯೊಬ್ಬನೂ ಎಣಿಸಿದ. ಬೆಳಗಾದಾಗ ಕೊಳದ ತುಂಬ ಬರೀ ನೀರು! ಜವಾಬ್ದಾರಿ ಹಂಚಿಹೋದಾಗ ಆಗುವುದು ಇದೇ. ಹತ್ತು ಜನರ ಪಾಲಿಗೆ ಬಂದ ಕರ್ತವ್ಯ ಯಾರ ಪಾಲಿನದೂ ಆಗುವುದಿಲ್ಲ.

ಎರಡನೆಯ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕೋಣೆಯಲ್ಲಿ ಕುಳಿತು ಪ್ರಶ್ನಾವಳಿ ತುಂಬುತ್ತಿದ್ದಾಗ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬನೇ ಇದ್ದಾಗ 100ಕ್ಕೆ 75 ಮಂದಿ ಹೊರಗೆ ಹೋಗಿ ತಿಳಿಸಿದರು. ಜೊತೆಯಲ್ಲಿದ್ದ ಇಬ್ಬರು, ಮೊದಲೇ ಹೇಳಿಕೊಟ್ಟಂತೆ, ಏನೂ ಆಗದವರ ಹಾಗೆ ಬರೆಯುತ್ತಲೇ ಕುಳಿತಿದ್ದಾಗ ತಿಳಿಸಿದವರು 100ಕ್ಕೆ 10 ಮಂದಿ ಮಾತ್ರ. ಇಲ್ಲಿ ಕೆಲಸ ಮಾಡಿದ್ದು ಬೇರೊಂದು ಕಾರಣ. ಏನಾಗುತ್ತಿದೆ ಎಂದು ತಿಳಿಯದಾಗ ನಾವು ಪಕ್ಕದವರ ಮುಖ ನೋಡುತ್ತೇವೆ. ಅವರು ಸುಮ್ಮನಿದ್ದರೆ ಭಯಪಡುವಂಥದ್ದೇನೂ ಇಲ್ಲವೆಂದುಕೊಳ್ಳುತ್ತೇವೆ. ಆದರೆ ಅವರೂ ನಮ್ಮ ಮುಖ ನೋಡಿ ಹಾಗೆಯೇ ಅಂದುಕೊಂಡಿರುತ್ತಾರೆ!

ಇಷ್ಟು ಕೇಳಿದ ಮೇಲೆ, ಗುಂಪಿನಲ್ಲಿ ಸಹಾಯ ಸಿಗುವುದೇ ಇಲ್ಲ ಎಂದು ತೀರ್ಮಾನಿಸಬೇಡಿ. ವಿಜ್ಞಾನದಲ್ಲಿ ಯಾವ ಕಥೆಯೂ ಮರುಪರೀಕ್ಷೆಗೆ ಹೊರತಲ್ಲ. 2007ರಲ್ಲಿ ರೇಚಲ್ ಮ್ಯಾನಿಂಗ್, ಮಾರ್ಕ್ ಲೆವೀನ್, ಅಲನ್ ಕಾಲಿನ್ಸ್ ಎಂಬ ಸಂಶೋಧಕರು ಕ್ಯೂ ಗಾರ್ಡನ್ಸ್‌ನ ದಾಖಲೆಗಳನ್ನು ಮತ್ತೆ ಪರಿಶೀಲಿಸಿದರು. 38 ಮಂದಿ ಕಿಟಕಿಯಲ್ಲಿ ನಿಂತು ಆರಂಭದಿಂದ ಕೊನೆಯತನಕ ನೋಡಿದರು ಎಂಬುದಕ್ಕೆ ಆಧಾರವಿಲ್ಲವೆಂದು ಅವರು ತೋರಿಸಿದರು. ಹೆಚ್ಚಿನವರಿಗೆ ಕೇಳಿಸಿದ್ದು ಒಂದು ಕೂಗು ಅಷ್ಟೆ. 2016ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯೇ ತನ್ನ ಹಳೆಯ ವರದಿ ಸಾಕ್ಷಿಗಳ ಸಂಖ್ಯೆಯನ್ನೂ ಅವರು ಕಂಡದ್ದನ್ನೂ ಉತ್ಪ್ರೇಕ್ಷಿಸಿತ್ತೆಂದು ಬರೆಯಿತು.

ಹಾಗಾದರೆ ಆ ರಾತ್ರಿ ನಡೆದದ್ದೇನು? ಮೊದಲ ಬಾರಿ ಇರಿದಾಗ ಆಕೆಯ ಕೂಗು ಕೇಳಿ ಒಬ್ಬಾತ ಮೇಲಿನ ಕಿಟಕಿಯಿಂದ, ಆ ಹುಡುಗಿಯನ್ನು ಬಿಡು ಎಂದು ಗದರಿಸಿದ. ಆಕ್ರಮಣಕಾರ ಓಡಿಹೋದ. ಗಮನಿಸಿ, ಒಂದು ಕೂಗು ಚೂರಿ ಹಿಡಿದವನನ್ನು ಓಡಿಸಿತು. ಕಿಟಕಿಗಳು ಮತ್ತೆ ಮುಚ್ಚಿದವು. ಗಾಯಗೊಂಡ ಯುವತಿ ಒಬ್ಬಳೇ ಕಟ್ಟಡದ ಹಿಂಭಾಗಕ್ಕೆ ತೂರಾಡುತ್ತ ಹೋಗಿ ಒಂದು ಬಾಗಿಲೊಳಗೆ ಕುಸಿದಳು. ಸುಮಾರು ಹತ್ತು ನಿಮಿಷಗಳ ನಂತರ ಅವನು ಹುಡುಕಿಕೊಂಡು ಮರಳಿ ಬಂದ. ಎರಡನೆಯ ಹಲ್ಲೆ ನಡೆದದ್ದು ಬೀದಿಗೆ ಕಾಣದ ಆ ಜಾಗದಲ್ಲಿ. ಅಲ್ಲಿ ಬಾಗಿಲು ತೆರೆದು ನೋಡಿದ ಒಬ್ಬ ನೆರೆಯವ ಬಾಗಿಲು ಮುಚ್ಚಿಕೊಂಡು, ಮೊದಲು ಪರಿಚಯದವರಿಗೆ ಫೋನ್ ಮಾಡಿ ಏನು ಮಾಡಲಿ ಎಂದು ಕೇಳಿದ. ಪೊಲೀಸರಿಗೆ ಸುದ್ದಿ ಮುಟ್ಟುವಾಗ ತಡವಾಗಿತ್ತು. ಇನ್ನೊಬ್ಬ ನೆರೆಯಾಕೆ ಸುದ್ದಿ ತಿಳಿದೊಡನೆ ಕೆಳಗೆ ಓಡಿಬಂದಳು. ಕೊಲೆಗಾರ ಅಲ್ಲೇ ಇದ್ದಾನೋ ಇಲ್ಲವೋ ಆಕೆಗೆ ಗೊತ್ತಿರಲಿಲ್ಲ. ಸಾಯುತ್ತಿದ್ದ ಗೆಳತಿಯನ್ನು ತೋಳಲ್ಲಿ ಹಿಡಿದು ಕುಳಿತಳು.

ಎಂದರೆ, ನಮಗೆ ದಶಕಗಳ ಕಾಲ ಹೇಳಿದ ಕಥೆಗಿಂತ ನಿಜವಾದ ಘಟನೆಯ ಪಾಠ ಬೇರೆ. ಕೂಗಿದವನು ಇದ್ದ, ಆ ಕೂಗು ಫಲವನ್ನೂ ಕೊಟ್ಟಿತು. ಇಲ್ಲದೆ ಹೋದದ್ದು ಕೂಗಿದ ಮೇಲಿನ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದಲ್ಲಿ ನಾಲ್ಕು ಜನ ಕೆಳಗಿಳಿದು ಆಕೆಯ ಸುತ್ತ ನಿಂತಿದ್ದರೆ, ಯಾರೊಂದಿಗೂ ಹೊಡೆದಾಡುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇನ್ನೊಮ್ಮೆ ಇದರ ಬಳಿಗೆ ಬರಬೇಕಾಗುತ್ತದೆ.

2019ರಲ್ಲಿ ರಿಚರ್ಡ್ ಫಿಲ್ಪಾಟ್, ಮಾರ್ಕ್ ಲೆವೀನ್ ಮತ್ತು ಸಂಗಡಿಗರು ಮತ್ತೊಂದು ಅಧ್ಯಯನ ಪ್ರಕಟಿಸಿದರು. ಬ್ರಿಟನ್ನಿನ ಲ್ಯಾಂಕಾಸ್ಟರ್, ನೆದರ್ಲೆಂಡ್ಸ್‌ನ ಆಂಸ್ಟರ್‌ಡ್ಯಾಂ, ದಕ್ಷಿಣ ಆಫ್ರಿಕದ ಕೇಪ್‌ಟೌನ್ ಈ ಮೂರು ನಗರಗಳ ಬೀದಿ ಕ್ಯಾಮೆರಾಗಳು ಸೆರೆಹಿಡಿದ 219 ನಿಜವಾದ ಜಗಳಗಳನ್ನು ಅವರು ಒಂದೊಂದಾಗಿ ನೋಡಿದರು. ಹತ್ತರಲ್ಲಿ ಒಂಬತ್ತು ಘಟನೆಗಳಲ್ಲಿ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಎಷ್ಟೋ ಕಡೆ ಮೂರು ನಾಲ್ಕು ಮಂದಿ ಬಂದಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೊಬ್ಬರು ಮುಂದೆ ಬರುವ ಸಂಭವ ಹೆಚ್ಚಿತ್ತು. ಮುಂದೆ ಬಂದವರು ಮಾಡಿದ್ದೇನು? ಕೈ ಮುಂದೆ ಚಾಚಿ ಸಮಾಧಾನ ಎಂದರು, ಇಬ್ಬರ ನಡುವೆ ನಿಂತರು, ತೋಳು ಹಿಡಿದು ಹಿಂದಕ್ಕೆ ಎಳೆದರು, ಹೊಡೆತ ತಿಂದವನನ್ನು ಸಂತೈಸಿದರು. ನಮ್ಮ ಊರುಗಳಲ್ಲಿ ‘ಜಗಳ ಬಿಡಿಸುವುದು’ ಎನ್ನುತ್ತೇವಲ್ಲ, ಅದೇ ಕೆಲಸ.

ಹಾಗಾದರೆ 1968ರ ಪ್ರಯೋಗಗಳು ಸುಳ್ಳೇ? ಸುಳ್ಳಲ್ಲ. ಕೋಣೆಗಳಲ್ಲಿ ಕುಳಿತವರು ಒಬ್ಬರನ್ನೊಬ್ಬರು ನೋಡುವಂತಿರಲಿಲ್ಲ, ಮಾತನಾಡುವಂತಿರಲಿಲ್ಲ. ಹೊಗೆ ಅಪಾಯದ್ದೋ ಅಲ್ಲವೋ ಎಂಬುದೇ ಸ್ಪಷ್ಟವಿರಲಿಲ್ಲ. ಬೀದಿಯಲ್ಲಿ ಕಣ್ಣೆದುರೇ ಹೊಡೆದಾಟ ನಡೆಯುವಾಗ ಸಂಶಯಕ್ಕೆ ಎಡೆ ಕಡಿಮೆ, ಪಕ್ಕದವನನ್ನು ‘ಬನ್ನಿ ಸಾರ್’ ಎಂದು ಕರೆಯಬಹುದು. ಒಬ್ಬೊಬ್ಬನೂ ತನ್ನ ಪಾಡಿಗೆ ಹಿಂಜರಿಯುತ್ತಿದ್ದರೂ, ಒಂದು ದನಿ ಎದ್ದರೆ ಉಳಿದವರು ಕೂಡಿಕೊಳ್ಳುತ್ತಾರೆ. ನಿಮ್ಮ ಪ್ರಯೋಗಶಾಲೆಯಲ್ಲಿ ಹೈಪೋ ದ್ರಾವಣವನ್ನು ನೋಡಿರಬಹುದು. ಬಿಸಿಯಾಗಿ ಕರಗಿಸಿ ನಿಧಾನ ತಣಿಸಿದ ಅತಿಪರ್ಯಾಪ್ತ ದ್ರಾವಣ ಅಲ್ಲಾಡದಂತೆ ತಿಳಿಯಾಗಿಯೇ ಇರುತ್ತದೆ. ಒಂದೇ ಒಂದು ಹರಳನ್ನು ಹಾಕಿ, ಕ್ಷಣದಲ್ಲಿ ಇಡೀ ದ್ರಾವಣ ಹರಳುಗಟ್ಟುತ್ತದೆ. ಸುಮ್ಮನೆ ನಿಂತ ಗುಂಪೂ ಹಲವು ವೇಳೆ ಹೀಗೆಯೇ. ಆ ಮೊದಲ ಹರಳು ಯಾರಾಗಬೇಕು ಎಂಬುದಷ್ಟೇ ಪ್ರಶ್ನೆ.

ಗುಂಪು ಹಿಂಜರಿಯಲು ಇನ್ನೊಂದು ಕಾರಣವಿದೆ. ಇದು ಅವರವರ ಮನೆಯ ವಿಚಾರವಿರಬಹುದು ಎಂಬ ಊಹೆ. 1976ರಲ್ಲಿ ಶಾಟ್‌ಲ್ಯಾಂಡ್ ಮತ್ತು ಸ್ಟ್ರಾ ಎಂಬ ಸಂಶೋಧಕರು ಗಂಡಸೊಬ್ಬ ಹೆಂಗಸಿನ ಮೇಲೆ ಕೈಮಾಡುವ ಅಭಿನಯವನ್ನು ಜನರ ಎದುರು ನಡೆಸಿದರು. ಹೆಂಗಸು ‘ನೀನು ಯಾರೋ ನನಗೆ ಗೊತ್ತಿಲ್ಲ’ ಎಂಬರ್ಥದಲ್ಲಿ ಕೂಗಿದಾಗ 100ಕ್ಕೆ 65 ಮಂದಿ ತಡೆಯಲು ಬಂದರು. ‘ನಿನ್ನನ್ನು ಯಾಕಾದರೂ ಮದುವೆಯಾದೆನೋ’ ಎಂಬರ್ಥದಲ್ಲಿ ಕೂಗಿದಾಗ ಬಂದವರು 19 ಮಂದಿ. ಹೊಡೆತ ಅದೇ, ಕಿರುಚಾಟ ಅದೇ. ಬದಲಾದದ್ದು ಒಂದು ವಾಕ್ಯ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ನಮ್ಮ ಗಾದೆಯೂ ಎಷ್ಟು ಬಾಗಿಲುಗಳನ್ನು ಮುಚ್ಚಿಸಿದೆಯೋ! ಜಗಳ ಬೇರೆ, ಹೊಡೆತ ಬೇರೆ. ಹೊಡೆತಕ್ಕೆ ಮದುವೆ ಪರವಾನಗಿಯಲ್ಲ.

ಇಲ್ಲಿ ನಮ್ಮ ದೂರದರ್ಶನದ ತೆರೆಯ ಮೇಲೂ ಕಂಡ ಒಂದು ಪ್ರಚಾರವನ್ನು ನೆನೆಯಬೇಕು. 2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ‘ಬೆಲ್ ಬಜಾವೊ’, ಎಂದರೆ ‘ಗಂಟೆ ಬಾರಿಸಿ’ ಎಂಬ ಕಿರುಚಿತ್ರಗಳನ್ನು ಹೊರತಂದಿತು. ಅದು ಕೆಲಸ ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪಕ್ಕದ ಮನೆಯಲ್ಲಿ ಹೆಂಡತಿಯನ್ನು ಹೊಡೆಯುವ ಸದ್ದು ಕೇಳುತ್ತದೆ. ಕ್ರಿಕೆಟ್ ಆಡುತ್ತಿದ್ದ ಹುಡುಗರು ಹೋಗಿ ಬೆಲ್ ಒತ್ತುತ್ತಾರೆ, ‘ಅಂಕಲ್, ನಮ್ಮ ಚೆಂಡು ಕೊಡಿ’ ಎನ್ನುತ್ತಾರೆ. ಚೆಂಡು ಅವರ ಬಳಿಯೇ ಇರುತ್ತದೆ! ಬಾಗಿಲು ತೆರೆದವನಿಗೆ ವಿಷಯ ಅರ್ಥವಾಗುತ್ತದೆ: ಹೊರಗಿನವರಿಗೆ ಕೇಳಿಸಿದೆ. ಯಾರನ್ನೂ ಬೈಯಲಿಲ್ಲ, ಮುಟ್ಟಲಿಲ್ಲ. ಕೈ ಎತ್ತಿದವನ ಗಮನ ಮುರಿದದ್ದಷ್ಟೆ. ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯಿದೆಯ 4ನೇ ಕಲಂ ಪ್ರಕಾರ, ಇಂಥ ಹಿಂಸೆಯ ಬಗ್ಗೆ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ಈಗ ಅಪಾಯದ ಮಾತಿಗೆ ಬರೋಣ. ಇದನ್ನು ಮುಚ್ಚಿಟ್ಟು ಧೈರ್ಯದ ಬಗ್ಗೆ ಮಾತನಾಡುವುದು ನಿಮಗೆ ಮಾಡುವ ಮೋಸ. ತೆರೆಯ ಮೇಲೆ ಕಾಣುವ ಹೊಡೆದಾಟ ಹೇಗೆ ತಯಾರಾಗುತ್ತದೆ ಎಂದು ನಮ್ಮಂಥ ದೃಶ್ಯಮಾಧ್ಯಮದವರಿಗೆ ಗೊತ್ತು. ಹೊಡೆತ ಮೈಗೆ ತಾಗುವುದಿಲ್ಲ, ತಾಗಿದಂತೆ ಕಾಣುವ ಕೋನದಲ್ಲಿ ಕ್ಯಾಮೆರಾ ಇರುತ್ತದೆ. ಸದ್ದನ್ನು ಆಮೇಲೆ ಸೇರಿಸುತ್ತಾರೆ. ಹತ್ತು ಜನ ಒಬ್ಬೊಬ್ಬರಾಗಿ, ಸರದಿಯಲ್ಲಿ ನಿಂತವರಂತೆ ನಾಯಕನ ಬಳಿ ಬಂದು ಬೀಳುತ್ತಾರೆ. ನಿಜವಾದ ಜಗಳದಲ್ಲಿ ಸರದಿ ಇಲ್ಲ. ಸೊಂಟದಲ್ಲಿರುವ ಚಾಕು ಮೊದಲೇ ಕಾಣುವುದಿಲ್ಲ. ಒಂದು ತಳ್ಳುವಿಕೆಗೆ ತಲೆ ಕಾಲುದಾರಿಯ ಅಂಚಿಗೆ ಬಡಿದರೂ ಪ್ರಾಣ ಹೋಗಬಹುದು.

2011ರ ಅಕ್ಟೋಬರಿನಲ್ಲಿ ಮುಂಬಯಿಯ ಅಂಧೇರಿಯಲ್ಲಿ ನಡೆದದ್ದನ್ನು ನೋಡಿ. ಹೋಟೆಲಿನ ಹೊರಗೆ ತಮ್ಮ ಗೆಳತಿಯರನ್ನು ಕೆಣಕಿದವರನ್ನು ಇಬ್ಬರು ಯುವಕರು ತಡೆದು ಗದರಿಸಿದರು. ಕೆಣಕಿದವರು ಅಲ್ಲಿಂದ ಹೋದರು. ಸ್ವಲ್ಪ ಹೊತ್ತಿನಲ್ಲೇ ಆಯುಧ ಹಿಡಿದು ಇನ್ನಷ್ಟು ಜನರೊಡನೆ ಮರಳಿ ಬಂದು ಇಬ್ಬರನ್ನೂ ಇರಿದರು. ಇಬ್ಬರೂ ಉಳಿಯಲಿಲ್ಲ. 2016ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಯುವಕರು ಮಾಡಿದ್ದು ಸರಿಯಾದ ಕೆಲಸ. ತಪ್ಪು ಇರಿದವರದು. ಆದರೆ ನ್ಯೂಯಾರ್ಕಿನ ಘಟನೆಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿ. ದೇಶ ಬೇರೆ, ಕಾಲದ ಅಂತರ 47 ವರ್ಷ. ಎರಡರಲ್ಲೂ ಮೊದಲ ಪ್ರತಿಭಟನೆಗೆ ಆಕ್ರಮಣಕಾರ ಹಿಮ್ಮೆಟ್ಟಿದ. ಎರಡರಲ್ಲೂ ಅವನು ಮರಳಿ ಬಂದ. ಹಾಗಾಗಿ, ಓಡಿಸಿದೆವು ಎಂಬ ಸಮಾಧಾನದಲ್ಲಿ ಕೆಲಸ ಮುಗಿಯುವುದಿಲ್ಲ. ತಕ್ಷಣ ಪೊಲೀಸರಿಗೆ ತಿಳಿಸಬೇಕು. ಹಲ್ಲೆಗೊಳಗಾದವರನ್ನು ಒಂಟಿಯಾಗಿ ಬಿಡದೆ, ಬೆಳಕೂ ಜನರೂ ಇರುವ ಬೇರೊಂದು ಜಾಗಕ್ಕೆ, ಅಂಗಡಿಗೋ ಆಸ್ಪತ್ರೆಗೋ ಠಾಣೆಗೋ, ಕರೆದೊಯ್ಯಬೇಕು. ನಾವೂ ಅಲ್ಲಿಂದ ಹೊರಡಬೇಕು. ಜಗಳ ಬಿಡಿಸುವುದಕ್ಕಿಂತ ಮುಖ್ಯವಾದ ಕೆಲಸ ಇದು. ಇದಕ್ಕೆ ತೋಳ್ಬಲ ಬೇಡ.

ಹಾಗಾದರೆ ನಿರ್ಧರಿಸುವುದು ಹೇಗೆ? ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆಯುಧವಿದೆಯೇ? ನನ್ನ ಜೊತೆ ಯಾರಿದ್ದಾರೆ? ಕೈ ಹಾಕದೆ ಮಾಡಬಹುದಾದ ಕೆಲಸ ಯಾವುದು? ಆಯುಧ ಕಂಡರೆ, ಅಥವಾ ನೀವು ಒಬ್ಬರೇ ಇದ್ದು ಅವರು ಹಲವರಿದ್ದರೆ, ಮೈಮೇಲೆ ಬೀಳುವುದು ಸಲ್ಲದು. ದೂರ ನಿಂತು 112ಕ್ಕೆ ಕರೆಮಾಡಿ. ಎಲ್ಲಿ, ಎಷ್ಟು ಜನ, ಏನಾಗುತ್ತಿದೆ ಎಂಬ ಮೂರು ಮಾತು ಸಾಕು. ಹೆಸರಾಂತ ಕಟ್ಟಡವೋ ಅಂಗಡಿಯ ಫಲಕವೋ ಗುರುತು ಹೇಳಿ. ‘ಯಾರೋ ಫೋನ್ ಮಾಡಿರುತ್ತಾರೆ’ ಎಂಬ ಯೋಚನೆ ಬಂದರೆ ರಾಜನ ಕೊಳವನ್ನು ನೆನಪಿಸಿಕೊಳ್ಳಿ.

ಆಮೇಲೆ ಗುಂಪನ್ನು ಒಡೆಯಿರಿ. ‘ಯಾರಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ‘ನೀಲಿ ಅಂಗಿಯ ಅಣ್ಣ, ನೀವು ಬನ್ನಿ. ಅಮ್ಮಾ, ನೀವು ಆ ಕಂಡಕ್ಟರನ್ನು ಕರೆಯಿರಿ’ ಎಂದು ಒಬ್ಬೊಬ್ಬರನ್ನೇ ಗುರುತಿಸಿ ಹೇಳಿ. ಹೆಸರಿಲ್ಲದ ಗುಂಪಿನಿಂದ ಒಬ್ಬ ಮನುಷ್ಯನನ್ನು ಹೊರಗೆಳೆದೊಡನೆ ಅವನ ಜವಾಬ್ದಾರಿ ಅವನಿಗೆ ಕಾಣುತ್ತದೆ. ಬಸ್ಸಿನಲ್ಲಿ ಹುಡುಗಿಯನ್ನು ಯಾರಾದರೂ ಪೀಡಿಸುತ್ತಿದ್ದರೆ, ಪೀಡಿಸುವವನ ಜೊತೆ ವಾದಕ್ಕೆ ಇಳಿಯುವ ಮೊದಲು ಆಕೆಯ ಬಳಿ ಹೋಗಿ, ‘ಅಕ್ಕಾ, ಇಲ್ಲಿ ಸೀಟಿದೆ ಬನ್ನಿ’ ಎನ್ನಬಹುದು. ಮುಂದಿನ ನಿಲ್ದಾಣ ಯಾವುದೆಂದು ಕೇಳಬಹುದು. ಹೀಗೆ ಗಮನ ಮುರಿಯುವುದು ಎಷ್ಟೋ ಸಲ ಗದರಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಒಂದು ವೇಳೆ ಹಲ್ಲೆಗೆ ಒಳಗಾದವರು ನೀವೇ ಆದರೆ, ‘ಇವನು ಯಾರೋ ನನಗೆ ಗೊತ್ತಿಲ್ಲ’ ಎಂದು ಸ್ಪಷ್ಟವಾಗಿ ಕೂಗಿ ಹೇಳಿ. ಆ ಒಂದು ವಾಕ್ಯದ ಬೆಲೆ ಎಷ್ಟೆಂದು ಆಗಲೇ ನೋಡಿದ್ದೇವೆ.

ಮೊಬೈಲಿನಲ್ಲಿ ಚಿತ್ರೀಕರಿಸುವ ಬಗ್ಗೆಯೂ ಒಂದು ಮಾತು. ಚಿತ್ರೀಕರಣ ಸಾಕ್ಷ್ಯವಾಗಬಲ್ಲದು. ಆದರೆ ಅದರ ಸರದಿ ಬರುವುದು 112ಕ್ಕೆ ಕರೆ ಮಾಡಿದ ಮೇಲೆ, ಬೇರೆ ಯಾರಾದರೂ ಸಹಾಯಕ್ಕೆ ಹೋಗಿರುವಾಗ. ತೆಗೆದದ್ದನ್ನು ಪೊಲೀಸರಿಗೆ ಕೊಡಿ. ಹೊಡೆತ ತಿಂದವರ ಮುಖವನ್ನು ಊರಿಗೆಲ್ಲ ಹಂಚುವುದು ಎರಡನೆಯ ಹಲ್ಲೆ.

‘ಕಾನೂನು ನಮ್ಮನ್ನೇ ಹಿಡಿದರೆ?’ ಎಂಬ ಅಂಜಿಕೆ ಹಲವರಿಗಿದೆ. ಭಾರತದ ಕಾನೂನು ನಮಗೆ ನಮ್ಮ ಶರೀರವನ್ನು ಮಾತ್ರವಲ್ಲ, ಇನ್ನೊಬ್ಬರ ಶರೀರವನ್ನು ರಕ್ಷಿಸುವ ಹಕ್ಕನ್ನೂ ಕೊಟ್ಟಿದೆ. ಹಳೆಯ ದಂಡ ಸಂಹಿತೆಯ 97ನೇ ಕಲಂನಲ್ಲಿದ್ದ ಈ ಹಕ್ಕು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 35ನೇ ಕಲಂನಲ್ಲಿದೆ. ಇದಕ್ಕೆ ಮಿತಿಯೂ ಉಂಟು. ರಕ್ಷಣೆಗೆ ಎಷ್ಟು ಅಗತ್ಯವೋ ಅದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಓಡುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವುದು ರಕ್ಷಣೆಯಲ್ಲ, ಸೇಡು. ಇನ್ನು ಸಾಕ್ಷಿ ಹೇಳುವ ವಿಚಾರ. ಪೊಲೀಸರು ವಿಚಾರಿಸಬಹುದು, ನ್ಯಾಯಾಲಯ ಕರೆಯಬಹುದು, ಅದು ನಾಗರಿಕರ ಪಾಲಿನ ಕೆಲಸ. ಆದರೆ ಹೆಂಗಸರನ್ನೂ 15 ವರ್ಷದೊಳಗಿನ ಹುಡುಗರನ್ನೂ ಸಾಕ್ಷಿಯಾಗಿ ವಿಚಾರಿಸಬೇಕಾದಾಗ ಠಾಣೆಗೆ ಬರುವಂತೆ ಬಲವಂತ ಮಾಡುವಂತಿಲ್ಲ. ಅವರು ವಾಸಿಸುವ ಸ್ಥಳದಲ್ಲೇ ವಿಚಾರಿಸಬೇಕೆಂದು ಕಾನೂನು ಹೇಳುತ್ತದೆ. ಜರ್ಮನಿಯಂಥ ದೇಶಗಳಲ್ಲಿ, ತನಗೆ ಹೆಚ್ಚಿನ ಅಪಾಯವಿಲ್ಲದಿದ್ದರೂ ಆಪತ್ತಿನಲ್ಲಿರುವವರಿಗೆ ನೆರವಾಗದೆ ಹೋದರೆ ಅದೇ ಅಪರಾಧ. ನಮ್ಮಲ್ಲಿ ಅಂಥ ಸಾಮಾನ್ಯ ನಿಯಮವಿಲ್ಲ. ನಮ್ಮನ್ನು ಹೊರಡಿಸಬೇಕಾದದ್ದು ನಮ್ಮ ಮನಸ್ಸೇ.

ಆ ಮನಸ್ಸು ಎಲ್ಲರಿಗಾಗಿಯೂ ಹೊರಡುತ್ತದೆಯೇ? ಬ್ರಿಟನ್ನಿನಲ್ಲಿ ಲೆವೀನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಕಣ್ಣು ತೆರೆಸುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳ ಎದುರು ಒಬ್ಬ ಓಡುತ್ತ ಬಂದು ಜಾರಿಬಿದ್ದು ನರಳುತ್ತಾನೆ. ಅವನು ಅದೇ ತಂಡದ ಅಂಗಿ ತೊಟ್ಟಿದ್ದಾಗ ಬಹುತೇಕ ಎಲ್ಲರೂ ನೆರವಿಗೆ ಹೋದರು. ಎದುರಾಳಿ ಲಿವರ್‌ಪೂಲ್ ತಂಡದ ಅಂಗಿ ತೊಟ್ಟಿದ್ದಾಗ ಮೂರರಲ್ಲೊಂದು ಪಾಲೂ ಹೋಗಲಿಲ್ಲ. ಪ್ರಯೋಗದ ಎರಡನೆಯ ಭಾಗದಲ್ಲಿ, ತಂಡದ ಬದಲು ಫುಟ್‌ಬಾಲ್ ಆಟದ ಮೇಲಿನ ಪ್ರೀತಿಯ ಬಗ್ಗೆ ಮೊದಲು ಬರೆಯಿಸಿದರು. ಆಗ ಲಿವರ್‌ಪೂಲ್ ಅಂಗಿಯವನಿಗೂ ಹತ್ತರಲ್ಲಿ ಏಳು ಮಂದಿ ನೆರವಾದರು. ಬಿದ್ದವನು ಅವನೇ, ನೋಡಿದವರ ಮನಸ್ಸಿನಲ್ಲಿ ‘ನಮ್ಮವರು’ ಎಂಬ ಗೆರೆ ಸ್ವಲ್ಪ ಆಚೆ ಸರಿದಿತ್ತು, ಅಷ್ಟೆ. ಫುಟ್‌ಬಾಲ್ ಅಂಗಿಯ ಜಾಗದಲ್ಲಿ ನಮ್ಮ ಜಾತಿ, ಮತ, ಭಾಷೆ, ಊರುಗಳನ್ನು ಇಟ್ಟು ನೋಡಿ.

ಈ ಗೆರೆಯ ಜೊತೆ ವದಂತಿಯೂ ಸೇರಿದರೆ ಗುಂಪೇ ಆಕ್ರಮಣಕಾರನಾಗುತ್ತದೆ. 2018ರ ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಇಂಜಿನಿಯರೊಬ್ಬರನ್ನು ಗುಂಪು ಹೊಡೆದು ಕೊಂದಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂಚೆಯೇ ಆ ಊರು ತಲುಪಿತ್ತು. ಅವರ ಜೊತೆಗಾರರೂ ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅಂಥ ಗುಂಪು ಸೇರಿದ ಮೇಲೆ ಒಬ್ಬ ವಿದ್ಯಾರ್ಥಿ ಮಾಡಬಹುದಾದದ್ದು ಬಹಳ ಕಡಿಮೆ. ಗುಂಪು ಸೇರುವ ಮುಂಚೆ ಮಾಡಬಹುದಾದದ್ದು ಬಹಳ. ಬಂದ ಸಂದೇಶವನ್ನು ಮುಂದೆ ಕಳಿಸದಿರುವುದು, ‘ಇದು ನಿಜವೇ, ಯಾರು ಹೇಳಿದರು?’ ಎಂದು ಅದೇ ಗುಂಪಿನಲ್ಲಿ ಕೇಳುವುದು, ಠಾಣೆಗೆ ತಿಳಿಸುವುದು. ಇದೂ ಅಪರಿಚಿತರ ಮೇಲಿನ ಹಲ್ಲೆಯನ್ನು ತಡೆಯುವ ಕೆಲಸವೇ. ಕೈಗಳು ಮೇಲೇಳುವ ಮೊದಲೇ ತಡೆಯುವುದು.

ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರಾಖಂಡದ ರಾಮನಗರದ ಬಳಿ ಇನ್ನೊಂದು ಗುಂಪು ಒಬ್ಬ ಮುಸ್ಲಿಂ ಯುವಕನನ್ನು ಹೊಡೆಯಲು ಮುತ್ತಿತ್ತು. ಸಬ್ ಇನ್‌ಸ್ಪೆಕ್ಟರ್ ಗಗನದೀಪ್ ಸಿಂಗ್ ಆ ಯುವಕನನ್ನು ತಮ್ಮ ಎದೆಗೆ ಅವಚಿಕೊಂಡು, ತಾವೇ ಪೆಟ್ಟು ತಿನ್ನುತ್ತ, ಗುಂಪಿನ ನಡುವಿನಿಂದ ಹೊರಗೆ ಕರೆತಂದರು. ಅವರು ಸಮವಸ್ತ್ರದಲ್ಲಿದ್ದರು, ಅದು ಅವರ ಕರ್ತವ್ಯ ಎನ್ನಬಹುದು. ಆದರೆ ಅವರು ಮಾಡಿದ್ದನ್ನು ಗಮನಿಸಿ. ಯಾರಿಗೂ ಹೊಡೆಯಲಿಲ್ಲ. ಹೊಡೆಯುವವರಿಗೂ ಹೊಡೆತ ತಿನ್ನುವವನಿಗೂ ನಡುವೆ ತಾವು ನಿಂತರು, ಸುರಕ್ಷಿತ ಜಾಗ ಸಿಗುವತನಕ ಕೈ ಬಿಡಲಿಲ್ಲ.

ಮಿತ್ರರೇ, ಇಂಥ ನಿರ್ಧಾರಕ್ಕೆ ಬೀದಿಯಲ್ಲಿ ಸಿಗುವ ಸಮಯ ಕೆಲವೇ ಕ್ಷಣ. ಪರೀಕ್ಷೆಯ ಕೋಣೆಯಲ್ಲಿ ಕುಳಿತು ಪಾಠ ಓದಲಾಗುವುದಿಲ್ಲವಲ್ಲ, ಹಾಗೆಯೇ ಇದೂ. ಆದ್ದರಿಂದ ಇಂದೇ ಯೋಚಿಸಿಡಿ. ನಾಲ್ಕು ಜನ ಗೆಳೆಯರು ಕೂಡಿ ಮಾತನಾಡಿ: ನಾವು ದಿನಾ ಹೋಗುವ ದಾರಿಯಲ್ಲಿ ರಾತ್ರಿ ತೆರೆದಿರುವ ಅಂಗಡಿ ಯಾವುದು, ಹತ್ತಿರದ ಠಾಣೆ ಎಲ್ಲಿದೆ, ನಮ್ಮಲ್ಲಿ ಕರೆ ಮಾಡುವವರು ಯಾರು, ಜನರನ್ನು ಸೇರಿಸುವವರು ಯಾರು, ಪೆಟ್ಟು ತಿಂದವರ ಬಳಿ ಕೂರುವವರು ಯಾರು? ಒಬ್ಬೊಬ್ಬರ ಶಕ್ತಿ ಒಂದೊಂದು ಬಗೆ. ಗಟ್ಟಿ ದನಿಯವರು ಕೂಗಲಿ, ಕಾಲಿಗೆ ಚುರುಕಿದ್ದವರು ಓಡಲಿ, ಸಮಾಧಾನದ ಸ್ವಭಾವದವರು ನೀರು ಕೊಟ್ಟು ಪಕ್ಕದಲ್ಲಿ ಕೂರಲಿ. ‘ಹತ್ತು ಜನರ ಕೋಲು ಒಬ್ಬನಿಗೆ ಹೊರೆ’ ಎಂಬ ಗಾದೆ ಇಂಥ ಹೊತ್ತಿಗೇ ಹೇಳಿದಂತಿದೆ.

ನಿಮ್ಮ ಪ್ರಾಣವನ್ನು ಕೊಡಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಒಂದು ಕರೆ, ಒಂದು ಕೂಗು, ಆಮೇಲಿನ ಹತ್ತು ನಿಮಿಷ, ಇಷ್ಟನ್ನು ಅಪರಿಚಿತರೂ ಕೇಳಬಹುದು. ಅವರಿಗೆ ನೀವು ಅಪರಿಚಿತರು. ನಾಳೆ ಇನ್ನೊಂದು ಊರಿನ ಬಸ್ ನಿಲ್ದಾಣದಲ್ಲಿ ನೀವೂ ಯಾರಿಗೋ ಅಪರಿಚಿತರೇ ಆಗಿರುತ್ತೀರಿ.